ನಾಲ್ಕನೇ ಬಂದೂಕು

ಟ್ರಿಗರ್ ಎಳೆದಾಗ ಹುಡುಗಿಯ ತುಟಿ ಅಲುಗಿತು.

ಇನ್ಸ್‌ಪೆಕ್ಟರಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ಕುರ್ಚಿಯಲ್ಲಿ ಕೂತಿದ್ದಳು. ನೋಯುವ ಮೊಣಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡಿದ್ದಳು.

"ಇನ್ನೊಂದು ಸಲ ಮಾಡಮ್ಮ. ಅವತ್ತು ಹೇಗೆ ಮಾಡಿದೆಯೋ ಹಾಗೇ."

ಹುಡುಗಿ ಖಾಲಿ ಬಂದೂಕನ್ನು ಮತ್ತೆ ಎತ್ತಿದಳು. ಕಾಲು ಅಗಲಿಸಿದಳು, ಬಂದೂಕಿನ ಬಾಯಿ ನೆಲದ ಕಡೆ ತಿರುಗಿಸಿದಳು, ಟ್ರಿಗರ್ ಎಳೆದಳು. ಕಟಕ್ ಎಂದಿತು. ಅದರ ಜೊತೆಗೇ ಅವಳ ತುಟಿಯೂ ಮುಚ್ಚಿ ತೆರೆಯಿತು. ಸದ್ದಿಲ್ಲ, ಆದರೆ ಅವಳು ಏನು ಹೇಳಿದಳು ಎಂದು ಓದುವುದಕ್ಕೆ ಕಷ್ಟವೇನಿರಲಿಲ್ಲ.

"ಏನು ಹೇಳಿದೆ?"

"ನಾನಾ? ಏನಿಲ್ಲ ಮೇಡಂ."

"ಢಂ ಅಂದೆ."

ಹುಡುಗಿ ಕೆಂಪಗಾದಳು. ಗೋಡೆಗೆ ಒರಗಿ ನಿಂತಿದ್ದ ಉದ್ದನೆಯ ಕಾನ್‌ಸ್ಟೇಬಲ್ ಸೂರು ನೋಡಿದ. ಅವನ ಪಕ್ಕದ ಗುಂಗುರು ಕೂದಲಿನವನಿಗೆ ನಗು ಬಂತು, ಅದನ್ನು ಕೆಮ್ಮು ಮಾಡಿಕೊಂಡ.

"ತಾಲೀಮಿನಲ್ಲಿ ಹಾಗೇ ಹೇಳಿಸ್ತಿದ್ರು ಮೇಡಂ," ಹುಡುಗಿ ಅಂದಳು. "ಗುಂಡು ಇರಲಿಲ್ಲ. ಸ್ಟಾಕು ಬಂದಿಲ್ಲ ಅಂದ್ರು. ಟ್ರಿಗರ್ ಎಳೆದಾಗ ಎಲ್ಲರೂ ಒಟ್ಟಿಗೆ ಢಂ ಅನ್ನಬೇಕಿತ್ತು. ಯಾರು ತಡ ಮಾಡಿದ್ರು ಅಂತ ಗೊತ್ತಾಗಬೇಕಲ್ಲ, ಅದಕ್ಕೆ."

"ಹಾಗಾದರೆ ನಿಜವಾದ ಗುಂಡು ಮೊದಲು ಹಾರಿಸಿದ್ದು ಯಾವಾಗ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಹೇಳಿದವನು ಉದ್ದನೆಯವನು. "ಡಿಪೋ ಮುಂದೆ, ಮೇಡಂ. ಅವತ್ತೇ."

ಇನ್ಸ್‌ಪೆಕ್ಟರಮ್ಮನಿಗೂ ನಗು ಬರಬೇಕಿತ್ತು, ಬರಲಿಲ್ಲ. ಒಬ್ಬ ಮನುಷ್ಯ ಸತ್ತಿದ್ದ. ಬಸ್ ಡಿಪೋದ ಮೆಕ್ಯಾನಿಕ್, ಎಲ್ಲರೂ ಗ್ರೀಸಣ್ಣ ಎಂದು ಕರೆಯುತ್ತಿದ್ದವನು. ಮುಷ್ಕರದ ಗುಂಪು ಚದುರಿಸುವಾಗ ಈ ಮೂವರು ಪ್ಲಾಸ್ಟಿಕ್ ಗುಂಡು ಹಾರಿಸಿದ್ದರು. ಕಲ್ಲು ತೂರುತ್ತಿದ್ದವನಿಗೆ ನೆಲಕ್ಕೆ ಬಡಿದು ಪುಟಿದ ಗುಂಡು ತಗುಲಿತು, ಅದು ಆಕಸ್ಮಿಕ ಎಂದು ಇಲಾಖೆ ಹೇಳಿಯಾಗಿತ್ತು. ಅವಳಿಗೆ ಉಳಿದಿದ್ದ ಕೆಲಸ ಆ ಮಾತನ್ನೇ ಸರ್ಕಾರಿ ಭಾಷೆಯಲ್ಲಿ ಇನ್ನೊಮ್ಮೆ ಬರೆದು ಸಹಿ ಹಾಕುವುದು.

"ಎರಡು ಸಾಲು ಬರಿ, ಮುಗಿಸು ಮಾರಾಯ್ತಿ," ಎಂದು ಬೆಳಗ್ಗೆ ಸಾಹೇಬರೂ ಫೋನಿನಲ್ಲಿ ಹೇಳಿದ್ದರು. ಈಗ ಸಾಹೇಬರು. ಪೊಲೀಸ್ ತರಬೇತಿಯಲ್ಲಿ ಅವಳ ಜೊತೆ ಒಂದೇ ಸಾಲಿನಲ್ಲಿ ನಿಂತು ಬೈಸಿಕೊಂಡವನು. ಆಗ ಎಷ್ಟು ತೆಳ್ಳಗಿದ್ದನೆಂದರೆ ಇಡೀ ತಂಡ ಅವನನ್ನು ಕಡ್ಡಿ ಅನ್ನುತ್ತಿತ್ತು. ಈಗ ಬೆಲ್ಟಿನ ಕೊನೆಯ ತೂತೂ ಸಾಲದು. ಆದರೂ ಅವಳ ಮನಸ್ಸಿನಲ್ಲಿ ಅವನಿನ್ನೂ ಕಡ್ಡಿಯೇ.

ಅವಳು ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಟಾರ್ಚಿನ ಸೆಲ್ಲಿನಷ್ಟು ದಪ್ಪದ, ಅದಕ್ಕಿಂತ ತುಸು ಉದ್ದದ ಒಂದು ಗುಂಡು. ಗ್ರೀಸಣ್ಣನ ಪಕ್ಕದಲ್ಲೇ ಸಿಕ್ಕಿದ್ದು.

"ಇದರ ಮೂತಿ ನೋಡಿ. ಡಾಂಬರಿಗೆ ಬಡಿದ ಗುಂಡಿಗೆ ಮೂತಿ ತರಚಿರುತ್ತೆ, ಕಲ್ಲಿನ ಪುಡಿ ಕಚ್ಚಿಕೊಂಡಿರುತ್ತೆ. ರಸ್ತೆಯಲ್ಲಿ ಸಿಕ್ಕಿದ ಬೇರೆ ಗುಂಡೆಲ್ಲ ಹಾಗೇ ಇವೆ. ಇದು ಡಬ್ಬಿಯಿಂದ ಈಗ ತೆಗೆದ ಹಾಗಿದೆ. ಯಾರದಿದು?"

"ನಾವು ನೆಲಕ್ಕೇ ಹೊಡೆದದ್ದು," ಉದ್ದನೆಯವನು ಹೇಳಿದ. "ಮೊಣಕಾಲಿನ ಕೆಳಗೆ ಗುರಿ ಇಟ್ಟು ನೆಲಕ್ಕೆ."

"ಮೊಣಕಾಲಿನ ಕೆಳಗೆ ಗುರಿ ಇಟ್ಟು ನೆಲಕ್ಕೆ," ಗುಂಗುರು ಕೂದಲಿನವನೂ ಅಂದ.

ಗಿಣಿಪಾಠ. ಆದರೆ ಇಬ್ಬರ ಕಣ್ಣಿನಲ್ಲೂ ಸುಳ್ಳಿನ ಚುರುಕಿರಲಿಲ್ಲ. ನಿದ್ದೆಗೆಟ್ಟ, ಹೆದರಿದ, ಮನೆಗೆ ಹೋದರೆ ಸಾಕಪ್ಪ ಎನ್ನುವ ಕಣ್ಣುಗಳು.

"ಆಮೇಲೆ ಗಾಳಿ ತಿರುಗಿತು ಮೇಡಂ," ಹುಡುಗಿ ಅಂದಳು. "ನಾವು ಬಿಟ್ಟ ಅಶ್ರುವಾಯು ನಮ್ಮ ಮುಖಕ್ಕೇ ಬಂತು. ಮುಖವಾಡ ಎಲ್ಲರಿಗೂ ಕೊಟ್ಟಿರಲಿಲ್ಲ. ನನಗೆ ಮುಂದೆ ಏನೂ ಕಾಣಿಸಲಿಲ್ಲ. ಓಡಿ ಹೋಗೋಣ ಅನ್ನಿಸ್ತು. ಮೇಷ್ಟ್ರು ಬೆನ್ನ ಹಿಂದೆ ಇದ್ದಾರಲ್ಲ ಅಂತ ಧೈರ್ಯ ಮಾಡಿ..."

ಅಷ್ಟಕ್ಕೇ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು. ಗುಂಗುರು ಕೂದಲಿನವನು ಅವಳನ್ನು ತಿನ್ನುವ ಹಾಗೆ ನೋಡಿದ.

ಇನ್ಸ್‌ಪೆಕ್ಟರಮ್ಮ ಚಾಚಿದ್ದ ಕಾಲನ್ನು ಕೆಳಗಿಳಿಸಿದಳು.

"ಯಾವ ಮೇಷ್ಟ್ರು?" ಇನ್ಸ್‌ಪೆಕ್ಟರಮ್ಮ ಕೇಳಿದಳು. ಕೇಳಬೇಕಾಗಿರಲಿಲ್ಲ. ಗುಂಪು ಚದುರಿಸುವ ಬಂದೂಕಿನ ತಾಲೀಮು ಕೊಡುವ ಮೇಷ್ಟ್ರು ಇಡೀ ಇಲಾಖೆಗೆ ಒಬ್ಬನೇ. ಅವಳ ಸೋದರಮಾವ.

* * *

ಗ್ರೀಸಣ್ಣನ ಹೆಂಡತಿ ಬಾಗಿಲಲ್ಲೇ ನಿಂತು ಮಾತಾಡಿದಳು. ಒಳಗೆ ಬನ್ನಿ ಅನ್ನಲಿಲ್ಲ. ಇನ್ಸ್‌ಪೆಕ್ಟರಮ್ಮನಿಗೆ ಬೇಸರವೂ ಆಗಲಿಲ್ಲ. ಈ ಸಮವಸ್ತ್ರಕ್ಕೆ ಆ ಮನೆಯಲ್ಲಿ ಕುರ್ಚಿ ಹಾಕುವವರು ಯಾರು?

ಒಂದೇ ಕೋಣೆಯ ಮನೆ. ಕಿಟಕಿ ಪಕ್ಕ ಹತ್ತು ಹನ್ನೆರಡು ವರ್ಷದ ಮಗಳು ಪುಸ್ತಕ ಬಿಚ್ಚಿಟ್ಟುಕೊಂಡು ಅದನ್ನು ಓದದೆ ಕೂತಿದ್ದಳು.

"ಶಾಲೆಗೆ ಹೋಗ್ತಿಲ್ಲ," ತಾಯಿ ಹೇಳಿದಳು. "ನಿಮ್ಮಪ್ಪ ಕಲ್ಲು ಹೊಡೆಯೋನು ಅಂದ್ರಂತೆ. ಪೇಪರಿನಲ್ಲೂ ಹಾಗೇ ಬಂತಲ್ಲ."

"ಹೊಡೀತಿದ್ದರಾ?"

"ಅವರು ಮುಷ್ಕರದಲ್ಲೇ ಇರಲಿಲ್ಲ ಅಮ್ಮ. ನಾಯಿಗೆ ಕಲ್ಲು ಎತ್ತಿದೋರಲ್ಲ. ಹೊಗೆ ಬಿಟ್ಟ ಸುದ್ದಿ ಕೇಳಿ, ಕುಡಿಯೋ ನೀರಿನ ಕ್ಯಾನು ಹೆಗಲ ಮೇಲಿಟ್ಕೊಂಡು ಹೋದ್ರು. ಜನರ ಕಣ್ಣಿಗೆ ನೀರು ಹಾಕ್ತೀನಿ ಅಂತ. ಬೇಡ ಅಂದೆ. ಈಗ ಬಂದೆ ಕಣೇ ಅಂದ್ರು."

ಆಸ್ಪತ್ರೆಯವರು ಬಟ್ಟೆಗಳನ್ನು ಒಂದು ಚೀಲಕ್ಕೆ ತುರುಕಿ ಅವಳ ಕೈಗೆ ಕೊಟ್ಟುಬಿಟ್ಟಿದ್ದರು. ಪುರಾವೆ ಎಂದು ಕಟ್ಟಿ ಮುದ್ರೆ ಒತ್ತಬೇಕಿತ್ತು. ಯಾರೂ ಒತ್ತಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಮೆಟ್ಟಿಲ ಮೇಲೆ ಹಾಳೆ ಹಾಸಿ, ಚೀಲದಲ್ಲಿದ್ದದ್ದನ್ನು ಒಂದೊಂದಾಗಿ ಇಳಿಸಿದಳು.

ಪ್ಯಾಂಟಿನ ಎರಡೂ ಮೊಣಕಾಲಿನಲ್ಲಿ ಕೆಸರು ಒಣಗಿತ್ತು. ಬೇರೆಲ್ಲೂ ಕೆಸರಿಲ್ಲ.

ಅವಳು ಅದನ್ನು ಬಹಳ ಹೊತ್ತು ನೋಡಿದಳು. ಗುಂಡು ಮೇಲಿನಿಂದ ಕೆಳಕ್ಕೆ ಬಂದು ಕಣತಲೆಗೆ ತಗುಲಿದೆ ಎಂದು ಡಾಕ್ಟರು ಹೇಳಿದಾಗಿನಿಂದ ಅವಳ ತಲೆ ಡಿಪೋ ಎದುರಿನ ಪಾದಚಾರಿ ಸೇತುವೆಯನ್ನೇ ಸುತ್ತುತ್ತಿತ್ತು. ಮೇಲೆ ಯಾರೋ ನಿಂತು ಹೊಡೆದಿರಬೇಕು ಎಂದುಕೊಂಡು, ನೋಯುವ ಕಾಲಿನಲ್ಲಿ ಅದರ ಮೆಟ್ಟಿಲನ್ನೆಲ್ಲ ಹತ್ತಿ ಇಳಿದಿದ್ದಳು. ಸುಮ್ಮನೆ ಹತ್ತಿದ್ದು. ಹೊಡೆದವನು ಎತ್ತರದಲ್ಲಿ ಇರಲಿಲ್ಲ. ಗ್ರೀಸಣ್ಣ ಕೆಳಗಿದ್ದ. ಒದ್ದೆ ನೆಲದಲ್ಲಿ ಮೊಣಕಾಲೂರಿ, ಬಿದ್ದ ಯಾರಿಗೋ ನೀರು ಹಾಕುತ್ತಿದ್ದ.

"ಈ ಟೋಪಿ ನೋಡಿ," ಹೆಂಡತಿ ಚೀಲದ ತಳದಿಂದ ಖಾಕಿ ಬಟ್ಟೆಯ ಟೋಪಿ ತೆಗೆದಳು. "ಅಂಚಿನಲ್ಲಿ ಸುಟ್ಟಿದೆ. ಬೆಳಗ್ಗೆ ಹಾಕ್ಕೊಂಡಾಗ ಇರಲಿಲ್ಲ. ನಾನೇ ಒಗೆದದ್ದು."

ಬಲಗಡೆಯ ಅಂಚಿನಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಮೆಣಸು ಚೆಲ್ಲಿದ ಹಾಗೆ. ಇನ್ಸ್‌ಪೆಕ್ಟರಮ್ಮ ಮೂಗಿನ ಹತ್ತಿರ ಹಿಡಿದಳು. ಗ್ರೀಸಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ. ಬಂದೂಕಿನ ಮದ್ದಿನದು.

ದೂರದಿಂದ ಹಾರಿಸಿದ ಗುಂಡು ಟೋಪಿ ಸುಡುವುದಿಲ್ಲ.

"ಒಂದು ಮಾತು ಕೇಳ್ತೀನಿ," ಹೆಂಡತಿ ಹೇಳಿದಳು. ದನಿ ಏರಲಿಲ್ಲ. "ಅವರು ವಾಪಸ್ ಬರಲ್ಲ, ಅದು ಗೊತ್ತು. ಕಲ್ಲು ಹೊಡೆದಿಲ್ಲ ಅಂತ ಇಲಾಖೆಯೋರು ಒಂದು ಸಲ ಬಾಯಿ ಬಿಟ್ಟು ಹೇಳಬೇಕು. ಅವಳು ಶಾಲೆಗೆ ಹೋಗಬೇಕಲ್ಲ."

ಒಳಗೆ ಹುಡುಗಿ ಪುಟ ತಿರುವಿದಳು. ಕಣ್ಣು ಮಾತ್ರ ಬಾಗಿಲ ಕಡೆ ಇತ್ತು.

"ಹೇಳಿಸ್ತೀನಿ," ಎಂದು ಇನ್ಸ್‌ಪೆಕ್ಟರಮ್ಮನ ಬಾಯಿಂದ ಬಂದುಬಿಟ್ಟಿತು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಮಾತು ಕೊಡಬಾರದು ಎಂದು ಕಲಿತಿದ್ದಳು. ಕಲಿತದ್ದು ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

* * *

ತರಬೇತಿ ಶಾಲೆಯ ಮೈದಾನದಲ್ಲಿ ಯಾರೂ ಇರಲಿಲ್ಲ. ಮಣ್ಣಿನ ದಿಬ್ಬದ ಮುಂದೆ ಮರದ ಹಲಗೆಯ ಮನುಷ್ಯರು ಸಾಲಾಗಿ ನಿಂತಿದ್ದರು. ಸೊಂಟದಿಂದ ಮೇಲೆ ಕೆಂಪು ಬಣ್ಣ, ಕೆಳಗೆ ಹಸಿರು. ಕೆಂಪಿಗೆ ಹೊಡೆಯಬಾರದು, ಹಸಿರಿಗೆ ಮಾತ್ರ. ಅವಳ ಕಾಲದಲ್ಲಿ ಹಸಿರು ಭಾಗದಲ್ಲಿ ಬಣ್ಣವೇ ಉಳಿಯುತ್ತಿರಲಿಲ್ಲ, ಅಷ್ಟು ಏಟು ಬೀಳುತ್ತಿತ್ತು. ಈಗ ಹೊಸ ಬಾಗಿಲಿನ ಹಾಗೆ ಮಿರುಗುತ್ತಿತ್ತು.

ಮೈದಾನದ ಅಂಚಿನಲ್ಲಿ ಮಾವನ ಕ್ವಾರ್ಟರ್ಸು. ಪಕ್ಕಕ್ಕೇ ಅಂಟಿಕೊಂಡ ಹಾಗೆ ಆಯುಧದ ಕೋಣೆ. ಅಮ್ಮ ತೀರಿಕೊಂಡ ಮೇಲೆ ಅವಳು ಬೆಳೆದದ್ದು ಈ ಮನೆಯಲ್ಲೇ. ನಡೆಯಲು ಕಲಿತದ್ದು ಬೇರೆ ಕಡೆ ಇರಬಹುದು, ನೆಟ್ಟಗೆ ನಿಲ್ಲಲು ಕಲಿತದ್ದು ಇಲ್ಲಿ.

"ಏನೇ, ಇಷ್ಟು ದಿನ ಬೇಕಾಯ್ತಾ ಬರೋಕ್ಕೆ?" ಅತ್ತೆ ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದಳು. "ಕಾಲು ಹೇಗಿದೆ? ಸೂಜಿ ಹಾಕಿಸ್ಕೊಂಡ್ಯಂತೆ."

"ಹಾಗೇ ಇದೆ ಅತ್ತೆ. ಮಾವ ಎಲ್ಲಿ?"

"ಎಲ್ಲಿರ್ತಾರೆ. ಆ ಕಬ್ಬಿಣದ ಜೊತೆ." ಅತ್ತೆ ದನಿ ತಗ್ಗಿಸಿದಳು. "ಸರಿಯಾಗಿ ಊಟ ಮಾಡ್ತಿಲ್ಲ. ಕಣ್ಣು ಇನ್ನೂ ಕೆಂಪಗಿದೆ. ಕೇಳಿದ್ರೆ ಧೂಳು ಅಂತಾರೆ. ನೀನಾದ್ರೂ ಕೇಳು."

ಮಾವ ಆಯುಧದ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಏನನ್ನೋ ಒರೆಸುತ್ತಿದ್ದ. ಅವಳನ್ನು ನೋಡಿ ಬಟ್ಟೆ ಕೆಳಗಿಟ್ಟ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಆದರೂ ಇಲ್ಲಿಯವರೆಗೆ ಬೆನ್ನು ಬಾಗಿರಲಿಲ್ಲ. ಇವತ್ತು ಬಾಗಿತ್ತು.

"ಬಾ ಪುಟ್ಟಿ. ಅಧಿಕಾರಿಯಾಗಿ ಬಂದ್ಯೋ, ಮಗಳಾಗಿ ಬಂದ್ಯೋ?"

"ಎರಡಕ್ಕೂ ಕಾಲು ಒಂದೇ ಥರ ನೋಯುತ್ತೆ ಮಾವ. ಕೂತ್ಕೋತೀನಿ."

ಅವಳು ಪೆಟ್ಟಿಗೆಯ ಮೇಲೆ ಕೂತಳು.

"ಢಂ," ಅವಳು ಮೆಲ್ಲಗೆ ಅಂದಳು.

ಮಾವನ ಮುಖ ಇಳಿಯಿತು.

"ಹೇಳಿದರಾ?"

"ಹೇಳಬೇಕಾಗಿರಲಿಲ್ಲ. ಆ ಹುಡುಗಿಗೆ ಬಾಯಿ ತಾನಾಗೇ ಆಡುತ್ತೆ. ಯಾಕೆ ಮಾವ ಒಪ್ಪಿಕೊಂಡೆ?"

"ಒಪ್ಪಿಕೊಳ್ಳದೆ ಏನು ಮಾಡಲಿ? ನಿಮ್ಮ ತಂಡಕ್ಕೆ ಮೂರು ವಾರ ಕೊಟ್ಟಿದ್ದರು. ಬೆವರು ಇಳಿಸಿದೆ, ಬೈದೆ, ಎಷ್ಟು ದೂರಕ್ಕೆ ಹೊಡೆದರೆ ನೋವು, ಎಷ್ಟು ಹತ್ತಿರ ಹೊಡೆದರೆ ಸಾವು ಅಂತ ಮೂಳೆಗೆ ಇಳಿಯೋ ತನಕ ಹೇಳಿದೆ. ಆಮೇಲೆ ಒಂದು ವಾರ ಮಾಡಿದರು. ಆಮೇಲೆ ಒಂದು ದಿನ. ಈ ಮಕ್ಕಳಿಗೆ ಕೊಟ್ಟದ್ದು ಒಂದು ಮಧ್ಯಾಹ್ನ, ಅದೂ ಗುಂಡಿಲ್ಲದೆ. ಜನ ಸಾಯಲ್ಲ ಅನ್ನೋ ಬಂದೂಕಿಗೆ ತಾಲೀಮು ಯಾಕೆ ಅಂತ ಕೇಳಿದರು. ಮೇಲಿನೋರೇ ಕೇಳಿದರು."

"ನೀನು ಏನಂದೆ?"

"ಏನೂ ಅನ್ನಲಿಲ್ಲ. ಬಾಯಲ್ಲಿ ಢಂ ಅನ್ನಿಸಿದೆ."

ಹೇಳಿಕೊಂಡ ರೀತಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಎಂದೋ ಸವೆದು ಹೋಗಿತ್ತು.

ಅವಳು ಟೋಪಿಯನ್ನು ಕಾಗದದ ಚೀಲದಿಂದ ತೆಗೆದು ಅವನ ಮುಂದೆ ಹಿಡಿದಳು. ಅವನು ಮುಟ್ಟಲಿಲ್ಲ. ಬಗ್ಗಿ ನೋಡಿದ. ಆ ಕಪ್ಪು ಚುಕ್ಕೆಗಳ ಮೇಲೆ ಕಣ್ಣು ಬಿದ್ದ ಕೂಡಲೇ ಬೇರೆ ಕಡೆ ನೋಡಿದ.

"ಎಷ್ಟು ದೂರದಿಂದ?" ಅವಳು ಕೇಳಿದಳು.

"ನಿನಗೇ ಗೊತ್ತು."

"ನಿನ್ನ ಬಾಯಲ್ಲಿ ಕೇಳಬೇಕು."

"ಎರಡು ಹೆಜ್ಜೆ. ಅದಕ್ಕಿಂತ ಹೆಚ್ಚಿಲ್ಲ."

"ಆ ಮೂವರೂ ಸಾಲು ಬಿಟ್ಟು ಕದಲಿಲ್ಲ. ಸಾಲಿನಿಂದ ಗ್ರೀಸಣ್ಣ ಬಿದ್ದ ಜಾಗಕ್ಕೆ ಒಂದು ಬಸ್ಸು ನಿಲ್ಲುವಷ್ಟು ದೂರ. ಅಂದರೆ ಅವರ ಮೂರು ಬಂದೂಕಲ್ಲ, ಇನ್ನೊಂದಿತ್ತು. ಈ ಶಾಲೆಯಲ್ಲಿ ಇಂಥವು ಇರೋದು ನಾಲ್ಕು. ನಾಲ್ಕನೇದು ಎಲ್ಲಿ ಮಾವ?"

ಮಾವ ಎದ್ದ. ಗೋಡೆಯ ಕಪಾಟು ತೆಗೆದು, ಮಧ್ಯಕ್ಕೆ ಮಡಚುವ ಆ ದಪ್ಪ ಕೊಳವೆಯ ಬಂದೂಕನ್ನು ಹೊರತೆಗೆದು ಅವಳ ಕಡೆ ಚಾಚಿದ. ಒರೆಸುವ ಬಟ್ಟೆಯ ಮೇಲೇ ಇಟ್ಟು ಚಾಚಿದ.

ಅವಳ ಕೈ ತಾನಾಗೇ ಮುಂದೆ ಹೋಯಿತು. ಬಂದೂಕು ತೆಗೆದುಕೊಂಡು, ಕೀಲು ಒತ್ತಿ, ಮಡಚಿ, ಕೊಳವೆಯ ಒಳಗೆ ಕಣ್ಣು ಹಾಯಿಸಿದಳು. ಬಂದೂಕು ಕೈಗೆ ಬಂದರೆ ಎದುರಿಗೆ ದೇವರೇ ಇದ್ದರೂ ಮೊದಲು ಅದನ್ನು ತೆರೆದು ನೋಡು ಎಂದು ಕಲಿಸಿದ್ದವನು ಅವನೇ. ಕಲಿಸಿದ್ದು ಕೈಯಲ್ಲಿ ಕೂತುಬಿಟ್ಟಿತ್ತು.

ಕೊಳವೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಡಿಯ ಮೇಲೆ ಹೊಸ ಎಣ್ಣೆ.

"ಕಪಾಟಿನಲ್ಲಿರೋ ಬೇರೆ ಥರದ ಬಂದೂಕುಗಳ ಮೇಲೆಲ್ಲ ಧೂಳಿದೆ. ಇದೊಂದನ್ನು ಮಾತ್ರ ಒರೆಸಿದ್ದೀಯ."

"ಒರೆಸಿದ್ದೀನಿ."

"ಒಳಗೂ ಹೊರಗೂ."

"ಹೂಂ."

"ಅವತ್ತು ನೀನು ಡಿಪೋ ಹತ್ತಿರ ಇದ್ದೆ. ನನಗೆ ಹೇಳಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಈಗ ಇದು." ಅವಳ ದನಿಯಲ್ಲಿ ಅಧಿಕಾರ ಉಳಿದಿರಲಿಲ್ಲ. "ಮಾವ, ನಾನು ಕೇಳೋದು ಒಂದೇ. ನೀನು ಹೊಡೆದೆಯಾ?"

ಮಾವ ಮತ್ತೆ ಸ್ಟೂಲಿನ ಮೇಲೆ ಕೂತ.

"ನಾನೇ ಅಂತ ಬರ್ಕೋ."

"ಬರೆಯೋಕ್ಕೆ ಬಂದಿಲ್ಲ. ನಡೆದದ್ದು ಹೇಳು."

ಅವನು ಮೈದಾನದ ಕಡೆ ತಿರುಗಿ ಕೂತ. ಆಮೇಲೆ ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿದ.

"ಯಾರೂ ನನ್ನನ್ನ ಕರೆದಿರಲಿಲ್ಲ. ಆ ಮೂವರನ್ನು ಡಿಪೋಗೆ ಕಳಿಸ್ತಾರೆ ಅಂತ ಗೊತ್ತಾದಾಗ ಕೈಕಾಲು ಆಡಲಿಲ್ಲ. ಕಲಿಸದೆ ಕಳಿಸಿದ್ದೀನಿ, ಪಕ್ಕದಲ್ಲಿ ನಿಂತಾದರೂ ಹೇಳಿಕೊಡೋಣ ಅಂತ ಹೋದೆ. ನಾಲ್ಕನೇದು ತಗೊಂಡೆ, ಒಂದು ಗುಂಡೂ ತುಂಬಿಕೊಂಡೆ. ಯಾಕೆ ಅಂತ ಕೇಳಬೇಡ. ಬರಿಗೈಯಲ್ಲಿ ಹೋಗೋ ಅಭ್ಯಾಸ ಇಲ್ಲ. ಗಾಳಿ ತಿರುಗಿತು. ಹೊಗೆ ನನ್ನ ಮುಖಕ್ಕೇ ಬಡೀತು. ಉಸಿರು ಕಟ್ಟಿತು, ದಾರಿ ತಪ್ಪಿ ಗುಂಪಿನ ಕಡೆಗೇ ಹೋಗಿ ಬಿದ್ದೆ. ಬಂದೂಕು ಕೈಯಿಂದ ಜಾರಿತು. ಎಲ್ಲಿ ಬಿತ್ತೋ ಕಾಣಲಿಲ್ಲ."

"ಆಮೇಲೆ?"

"ಯಾರೋ ಬಂದು ನನ್ನ ತಲೆ ತೊಡೆ ಮೇಲಿಟ್ಟುಕೊಂಡ. ಉಜ್ಜಬೇಡಿ ಯಜಮಾನರೇ, ನೀರು ಹಾಕ್ತೀನಿ, ಕಣ್ಣು ಬಿಡಿ ಅಂದ. ಕೈಯೆಲ್ಲ ಗ್ರೀಸಿನ ವಾಸನೆ."

ಬಿದ್ದವನು ಯಾರು ಎಂದು ಅವಳು ಮಧ್ಯಾಹ್ನದಿಂದ ತಡಕಾಡುತ್ತಿದ್ದಳು. ಅವನು ಎದುರಿಗೇ ಕೂತಿದ್ದ.

"ನಾನು ಖಾಕಿಯಲ್ಲಿದ್ದೆ ಪುಟ್ಟಿ. ಅವನಿಗೆ ಅದು ಕಾಣ್ತಿತ್ತು. ಆದರೂ ನೀರು ಹಾಕಿದ." ಮಾವ ಕಣ್ಣೊರೆಸಿಕೊಳ್ಳಲಿಲ್ಲ. "ಅಷ್ಟರಲ್ಲಿ ಇನ್ನೊಬ್ಬರು ಬಂದರು. ಬೂಟಿನ ಸದ್ದು ಕೇಳಿಸಿತು. ದೂರದಿಂದ ನೋಡಿದರೆ ಆ ಮನುಷ್ಯ ನನ್ನ ಕುತ್ತಿಗೆ ಒತ್ತುತ್ತಿದ್ದಾನೆ ಅನ್ನಿಸಿರಬಹುದು. ಮುಖವಾಡದ ಒಳಗಿನಿಂದ ಒಂದು ದನಿ ಬಂತು. ಗಂಡಸಿನದೋ ಹೆಂಗಸಿನದೋ ಹೇಳೋಕ್ಕಾಗಲ್ಲ. ಮುಖ ಆಚೆ ತಿರುಗಿಸಿ, ಅಂತು. ಅಷ್ಟೇ. ನಾನು ತಿರುಗಿಸಿದೆ. ಸದ್ದಾಯಿತು. ಆ ಮನುಷ್ಯ ನನ್ನ ಮೇಲೆ ಬಿದ್ದ. ನನಗೆ ಕಣ್ಣು ಬಿಡೋಕ್ಕೆ ಆಗೋ ಹೊತ್ತಿಗೆ ಯಾರೂ ಇರಲಿಲ್ಲ. ನನ್ನ ಬಂದೂಕು ಪಕ್ಕದಲ್ಲೇ ಬಿದ್ದಿತ್ತು. ಬಿಸಿಯಾಗಿತ್ತು."

"ಮುಖ ಆಚೆ ತಿರುಗಿಸಿ," ಅವಳು ತನಗೆ ತಾನೇ ಹೇಳಿಕೊಂಡಳು. ಆ ಮಾತು ಅವಳ ಬಾಯಿಗೆ ಹೊಸದಲ್ಲ.

"ಗೊತ್ತಾಯ್ತಲ್ಲ," ಮಾವ ಅಂದ. "ನಿಮ್ಮ ತಂಡದಲ್ಲಿ ಒಬ್ಬನ ಹುಬ್ಬು ಸುಟ್ಟಿತ್ತು, ಪಕ್ಕದವನು ಹೇಳದೆ ಹಾರಿಸಿ. ಆಮೇಲೆ ನಾನೇ ಮಾಡಿದ ನಿಯಮ ಅದು. ಹತ್ತಿರ ನಮ್ಮವರಿದ್ದರೆ ಮೊದಲು ಆ ಮಾತು, ಆಮೇಲೆ ಟ್ರಿಗರ್. ಯಾವ ಪುಸ್ತಕದಲ್ಲೂ ಇಲ್ಲ. ಮುಂದಿನ ತಂಡದ ಹೊತ್ತಿಗೆ ತಾಲೀಮೇ ಮೊಟಕಾಯ್ತು, ಹೇಳಿಕೊಡೋಕ್ಕೆ ಆಗಲಿಲ್ಲ. ಆ ಮಾತು ಬರೋದು ನಿಮ್ಮ ತಂಡದವರಿಗೆ ಮಾತ್ರ."

ಹೊರಗೆ ಅತ್ತೆ ಬಟ್ಟೆ ಕೊಡವುವ ಸದ್ದು ಕೇಳಿಸುತ್ತಿತ್ತು.

ಎಲ್ಲರೂ ಆ ಮೂವರು ಮಕ್ಕಳ ಕಡೆ ಬೆರಳು ತೋರಿಸುತ್ತಿದ್ದರು. ತಾಲೀಮು ಇಲ್ಲದವರು, ಹೆದರಿದವರು, ಅವರಿಂದಲೇ ತಪ್ಪಾಗಿರಬೇಕು ಎಂದು. ಕೊಂದ ಕೈ ತಾಲೀಮು ಆದ ಕೈ. ಎದುರಿನವನ ತಲೆಗೆ ಬಂದೂಕು ಹಿಡಿದಾಗಲೂ ನಿಯಮ ಮರೆಯದ ಕೈ.

"ನಮ್ಮ ತಂಡದವರೆಲ್ಲ ಊರೂರಿಗೆ ಹಂಚಿಹೋಗಿದ್ದಾರೆ," ಅವಳು ಹೇಳಿದಳು. "ಇಲ್ಲಿ ಉಳಿದದ್ದು ಕಡ್ಡಿ."

"ಅವನು ಅವತ್ತು ಊರಲ್ಲೇ ಇರಲಿಲ್ಲ. ಹೊರಗೆ ಸಭೆ ಇತ್ತು, ಇಡೀ ಇಲಾಖೆಗೆ ಗೊತ್ತು."

"ಹಾಗಾದರೆ ಇನ್ಯಾರು?"

ಮಾವ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಆ ಕೆಂಪು ಕಣ್ಣುಗಳಲ್ಲಿ ತಪ್ಪಿತಸ್ಥನ ಭಯವಿರಲಿಲ್ಲ. ಅಲ್ಲಿದ್ದದ್ದು ಕರುಣೆ. ಅವಳು ಬೇರೆ ಏನನ್ನು ಬೇಕಾದರೂ ತಡೆದುಕೊಳ್ಳುತ್ತಿದ್ದಳು, ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

"ಅದಕ್ಕೇ ಒರೆಸಿದ್ದು," ಅವನು ಹೇಳಿದ. "ಅದಕ್ಕೇ ಫೋನು ಎತ್ತಲಿಲ್ಲ. ಎತ್ತಿದರೆ ಕೇಳಿಬಿಡ್ತಿದ್ದೆ. ನಾನು ಬಿದ್ದದ್ದು ನೋಡಿ ನನಗೋಸ್ಕರ ಓಡಿ ಬರೋರು ಆ ತಂಡದಲ್ಲಿ ಬೇರೆ ಯಾರಿದ್ದಾರೆ? ನನ್ನ ಹೆಸರು ಬರ್ಕೋ. ನನಗೆ ವಯಸ್ಸಾಯ್ತು. ಆದರೆ ಒಂದು ಸಲ, ನನ್ನೊಬ್ಬನಿಗೆ, ನಿಜ ಹೇಳು. ಅವತ್ತು ನೀನೆಲ್ಲಿದ್ದೆ ಪುಟ್ಟಿ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವತ್ತು ಅವಳು ಮನೆಯಲ್ಲಿದ್ದಳು. ಮೊಣಕಾಲಿಗೆ ಸೂಜಿ ಹಾಕಿಸಿಕೊಂಡು ರಜೆಯ ಮೇಲೆ ಮಲಗಿದ್ದಳು. ಗಂಡ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದು ಹೇಳಿಕೊಡುತ್ತಿದ್ದ. ಬಾಗಿಲು ಯಾರೂ ತಟ್ಟಲಿಲ್ಲ. ಮಾತ್ರೆಯ ಮಂಪರಿನಲ್ಲಿ ಫೋನು ಕೂಡ ಆರಿಸಿಟ್ಟಿದ್ದಳು.

ಅಂದರೆ, ಅವಳು ಮನೆಯಲ್ಲಿದ್ದಳು ಎನ್ನುವುದಕ್ಕೆ ಅವಳ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಸಾಕಿ ಬೆಳೆಸಿದ ಮಾವನಿಗೇ ಅನುಮಾನ ಬಂದಿತ್ತು. ಬೇರೆಯವರಿಗೆ ಬರಿಸುವುದು ಎಷ್ಟು ಹೊತ್ತಿನ ಕೆಲಸ?

"ನಾನಲ್ಲ ಮಾವ," ಅಂದಳು. "ಮನೆಯಲ್ಲಿದ್ದೆ."

ಅವನು ನಂಬಿದನೋ ಇಲ್ಲವೋ ನೋಡುವಷ್ಟು ಹೊತ್ತು ಸಿಗಲಿಲ್ಲ. ಅತ್ತೆ ಬಾಗಿಲಿಗೆ ಬಂದಿದ್ದಳು. ಮಡಚಿದ ಬಟ್ಟೆ ಇನ್ನೂ ಎದೆಗೆ ಒತ್ತಿಕೊಂಡೇ ಇದ್ದಳು.

"ಏನೇ, ಗೇಟಿನ ಹತ್ತಿರ ನಿಮ್ಮ ಸಾಹೇಬರ ಜೀಪು ಬಂದಿದೆ. ಜೊತೆಗೆ ಬೆರಳಚ್ಚಿನವರೂ ಇದ್ದಾರಂತೆ. ನಾಲ್ಕನೇ ಬಂದೂಕು ಎಲ್ಲಿದೆ ತೋರಿಸಿ ಅಂತ ಕಾವಲಿನವನನ್ನ ಕೇಳ್ತಿದ್ದಾರೆ. ಏನು ಹೇಳಲಿ?"

ನಾಲ್ಕನೇ ಬಂದೂಕಿನ ವಿಷಯ ಅವಳು ಯಾರ ಮುಂದೆಯೂ ಎತ್ತಿರಲಿಲ್ಲ. ಆ ಮೂವರ ಮುಂದೆಯೂ ಇಲ್ಲ. ಅವಳಿಗೇ ಅದು ಹೊಳೆದದ್ದು ಮಧ್ಯಾಹ್ನ, ಗ್ರೀಸಣ್ಣನ ಮನೆಯ ಮೆಟ್ಟಿಲ ಮೇಲೆ.

ಅವತ್ತು ಊರಲ್ಲೇ ಇರದಿದ್ದ ಕಡ್ಡಿಗೆ ಅದು ಹೇಗೆ ಗೊತ್ತಾಯಿತು?

ಅವಳು ಕೆಳಗೆ ನೋಡಿದಳು. ಬಂದೂಕು ಇನ್ನೂ ಅವಳ ತೊಡೆಯ ಮೇಲಿತ್ತು. ಎಣ್ಣೆ ಹಚ್ಚಿದ ಹಿಡಿಯ ಮೇಲೆ, ಕೀಲಿನ ಮೇಲೆ, ಕೊಳವೆಯ ಉದ್ದಕ್ಕೂ ಬೆರಳಿನ ಗುರುತುಗಳು ಬಿಸಿಲಿಗೆ ಎದ್ದು ಕಾಣುತ್ತಿದ್ದವು. ಮಾವ ಅದನ್ನು ಒರೆಸಿದ್ದ, ಬಟ್ಟೆಯ ಮೇಲಿಟ್ಟೇ ಕೊಟ್ಟಿದ್ದ. ಅಲ್ಲಿದ್ದವು ಅವಳೊಬ್ಬಳ ಗುರುತುಗಳು.

ಮಾವನೂ ಅದನ್ನೇ ನೋಡುತ್ತಿದ್ದ. ಎದ್ದು ನಿಂತು, ಬಟ್ಟೆ ಹಿಡಿದ ಕೈಯನ್ನು ಅವಳ ಮುಂದೆ ಚಾಚಿದ.

"ಕೊಡಿಲ್ಲಿ. ಒರೆಸ್ತೀನಿ."

ಒರೆಸಿದರೆ ಅವಳ ಕಣ್ಣೆದುರೇ ಪುರಾವೆ ಅಳಿಸಿದ ಹಾಗೆ, ಅಳಿಸಿದವನು ಅವಳ ಮಾವ. ಬಿಟ್ಟರೆ, ಗ್ರೀಸಣ್ಣನನ್ನು ಕೊಂದ ಬಂದೂಕಿನ ಮೇಲೆ ಅವಳ ಕೈ.

ಜಗಲಿಯ ಮೇಲೆ ಬೂಟಿನ ಸದ್ದು ಕೇಳಿಸಿತು. ಕಡ್ಡಿ ಎಂದಿನ ಹಾಗೆ ನಗುನಗುತ್ತ ಅತ್ತೆಯನ್ನು ಮಾತಾಡಿಸುತ್ತಿದ್ದ.

"ಬೇಗ, ಪುಟ್ಟಿ," ಮಾವ ಅಂದ.

ಅವಳು ಬಂದೂಕನ್ನು ಕೊಡಲಿಲ್ಲ, ಕೆಳಗೂ ಇಡಲಿಲ್ಲ. ಬಾಗಿಲಲ್ಲಿ ಕಡ್ಡಿಯ ನೆರಳು ಬಿತ್ತು.